ಹಗ್ಗದ ಮೇಲೆ ಹನ್ನೊಂದು ಹಾಡು

"ಆ ಮನೆ ಓನರಮ್ಮನಿಗೆ ಕಿವಿ ಕೇಳಿಸಲ್ಲ ಕಣ್ರೀ," ಎನ್ನುತ್ತಿದ್ದರು ಕತ್ರಿಗುಪ್ಪೆಯ ಆ ಅಡ್ಡರಸ್ತೆಯ ಜನ. "ಕೇಳಿಸಿದ್ರೆ ಗ್ಯಾರೇಜನ್ನ ಆ ರಾಕ್ ಬ್ಯಾಂಡ್‌ನವರಿಗೆ ಬಾಡಿಗೆ ಕೊಡ್ತಿದ್ರಾ?" ಎದುರುಮನೆಯ ಕಾತ್ಯಾಯಿನಿ ಟೀಚರ್ ಇನ್ನೂ ಒಂದು ಹೆಜ್ಜೆ ಮುಂದೆ. "ಕಿವಿ ಅಲ್ಲ, ತಲೆ! ಹೋದ ಭಾನುವಾರ ಡ್ರಮ್ಮಿನ ತಾಳಕ್ಕೆ ಸರಿಯಾಗಿ ತೆಂಗಿನಕಾಯಿ ತುರೀತಿದ್ರು. ನಾನೇ ನೋಡ್ದೆ."

ನೋಡಿದ್ದು ನಿಜ. ಆದರೆ ಓನರಮ್ಮ ಲಕ್ಷ್ಮಿದೇವಮ್ಮನವರ ಕಿವಿ ಎಂಥದ್ದೆಂದರೆ, ಮೂರನೇ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಕೂತಲ್ಲೇ ಹೇಳಬಲ್ಲ ಕಿವಿ. ಅದು ಅಪ್ಪನಿಂದ ಬಂದದ್ದು. ಹೊಸಕೆರೆಹಳ್ಳಿ ಇನ್ನೂ ಹಳ್ಳಿಯಾಗಿದ್ದ ಕಾಲಕ್ಕೆ ಆತ ಅಲ್ಲಿ ನಾಟಕದ ಮೇಷ್ಟ್ರು. ಹಗಲು ರಾಗಿ ಹೊಲ, ಸಂಜೆ ಹಾರ್ಮೋನಿಯಂ. ಗಂಡು ಪಾತ್ರಕ್ಕೆ ಊರ ಗಂಡಸರು, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕರೆಸಿದ ಕಲಾವಿದೆಯರು. ಮೇಷ್ಟ್ರ ಮಗಳಿಗೆ ಸಿಕ್ಕಿದ್ದು ಪರದೆಯ ಹಿಂದಿನ ಜಾಗ. ನಾಟಕದ ಪುಸ್ತಕ ಹಿಡಿದು ಕೂತು, ಯಾರು ಮಾತು ಮರೆತರೂ ಮೊದಲ ಎರಡು ಪದ ಪಿಸುಗುಟ್ಟಿ ನೆನಪಿಸಬೇಕು. ಮದುವೆಯಾಗಿ ಬರುವವರೆಗೂ ಅದೇ ಕೆಲಸ. ರಾಜನಿಂದ ಹಿಡಿದು ಬಾಗಿಲು ಕಾಯುವವನವರೆಗೆ ಎಲ್ಲರ ಮಾತೂ ಆ ಹುಡುಗಿಯ ತುಟಿಯ ಮೇಲಿತ್ತು. ಅವಳ ಮುಖವನ್ನು ಮಾತ್ರ ಯಾರೂ ನೋಡಲಿಲ್ಲ. ಒಂದೇ ಒಂದು ಸಲ ಪರದೆಯ ಈಚೆ ನಿಲ್ಲಬೇಕು ಎಂಬ ಆಸೆ ಅರವತ್ತೆರಡಾದರೂ ಆರಿರಲಿಲ್ಲ. ಗಂಡ ಬೋರಣ್ಣನಿಗೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಒಂದು ಸಂಜೆ ಗ್ಯಾರೇಜಿನಿಂದ ಡ್ರಮ್ಮಿನ ಬದಲು ಜಗಳ ಕೇಳಿಸಿತು. ಬ್ಯಾಂಡಿನ ಹೆಸರು ‘ಕೆರೆ ಏರಿ’. ಅವರ ಹಾಡುಗಳನ್ನೇ ಪೋಣಿಸಿ ಒಂದು ನಾಟಕ ಮಾಡಿಕೊಡಿ ಎಂದು ಜೆ.ಪಿ. ನಗರದ ರಂಗಮಂದಿರವೊಂದು ಕರೆದಿತ್ತು. ಹಾಡು ಹನ್ನೊಂದಿದ್ದವು. ಕತೆ ಇರಲಿಲ್ಲ.

"ಎರಡನೇ ಹಾಡಲ್ಲಿ ಹೀರೋ ನೀರಿನ ಟ್ಯಾಂಕರ್ ಓಡಿಸ್ತಾನೆ, ಮೂರನೇ ಹಾಡಲ್ಲಿ ಮೆಟ್ರೋಲಿ ಕೂತು ಅಳ್ತಾನೆ. ಯಾಕೆ ಮಗಾ?" ಎಂದು ರೇಗುತ್ತಿದ್ದಳು ಹಾಡುವ ಹುಡುಗಿ ಅರ್ಪಿತ.

"ಯಾಕೆಂದ್ರೆ ಹಾಡು ಹಂಗಿದೆ," ಎಂದ ರವಿಕಿರಣ್. ಗಿಟಾರ್ ಅವನದು, ಹಾಡು ಬರೆದವನೂ ಅವನೇ.

ಕಾಫಿ ತಂದಿದ್ದ ಲಕ್ಷ್ಮಿದೇವಮ್ಮನವರಿಗೆ ನಗು ತಡೆಯಲಾಗಲಿಲ್ಲ. "ಲೋಟ ತಗೊಂಡು ಮೇಲಕ್ಕೆ ಬನ್ನಿ," ಎಂದರು.

ಟೆರೇಸಿನ ಮೇಲೆ ಒಣಗಿದ್ದ ಬಟ್ಟೆಗಳನ್ನು ಒಂದೇ ಸಲಕ್ಕೆ ಬಾಚಿ ಎಳೆದು ಬೋರಣ್ಣನ ಹೆಗಲಿಗೆ ಹಾಕಿದರು. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂದೆ ಒಂದೊಂದು ಹಾಡಿನ ಹೆಸರು ಬರೆಸಿ, ಹನ್ನೊಂದನ್ನೂ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿದರು.

"‘ಟ್ಯಾಂಕರ್ ಬಂತು’ ಮೊದಲು ಬರ್ಲಿ. ಹುಡುಗ ನೀರು ತಂದ. ಆಮೇಲೆ ‘ಮೂರನೇ ಮಹಡಿ’. ಹುಡುಗಿ ಇರೋದು ಅಲ್ಲೇ. ಬಿಂದಿಗೆ ಹಿಡ್ಕೊಂಡು ಇಳೀತಾಳೆ. ಇಬ್ರೂ ನೋಡ್ಕೊಂಡ್ರು. ಸರಿ. ಈಗ ಈ ಅಳೋ ಹಾಡು ಯಾಕೆ ಬರುತ್ತೆ, ಹೇಳಿ ನೋಡೋಣ."

"ಯಾಕೆ ಆಂಟಿ?" ಎಂದ ರವಿಕಿರಣ್.

"ಆ ಬಿಲ್ಡಿಂಗಿಗೆ ಕಾವೇರಿ ನೀರಿನ ಕನೆಕ್ಷನ್ ಬಂತು ಕಣಪ್ಪ! ಇನ್ನು ಅವನು ಯಾವ ನೆಪದಲ್ಲಿ ಆ ಬೀದಿಗೆ ಬರ್ತಾನೆ?"

ಅರ್ಪಿತ ಕಿರುಚಿದ ರಭಸಕ್ಕೆ ಎದುರುಮನೆಯ ಕಿಟಕಿ ಫಟಾರನೆ ತೆರೆಯಿತು. "ಸಖತ್ ಆಂಟಿ! ಅಯ್ಯೋ, ಸಖತ್!"

ಅಂದಿನಿಂದ ಆ ಮನೆಯಲ್ಲಿ ಬಟ್ಟೆ ಒಣಗಿದ್ದು ಕುರ್ಚಿಗಳ ಮೇಲೆ. ಹಾಳೆಗಳು ಹಗ್ಗದ ಮೇಲೆ ಹಿಂದಕ್ಕೆ ಮುಂದಕ್ಕೆ ಓಡಾಡಿ, ಮೂರು ವಾರಕ್ಕೆ ಕತೆ ನಿಂತಿತು. ಹುಡುಗಿಗೆ ಒಬ್ಬ ಅಜ್ಜಿ ಬೇಕಾಯಿತು. "ನೀವೇ ಮಾಡಿ ಆಂಟಿ," ಎಂದಳು ಅರ್ಪಿತ. "ಥೂ, ಹೋಗೆ ಅತ್ಲಾಗೆ," ಎಂದರು ಲಕ್ಷ್ಮಿದೇವಮ್ಮ. ಎನ್ನುತ್ತಲೇ ಸೆರಗು ಸರಿಮಾಡಿಕೊಂಡರು.

ರಂಗಮಂದಿರದ ಶೋಗೆ ಆರು ದಿನ ಮುಂಚೆ, ಭಾನುವಾರ ಸಂಜೆ, ಬೀದಿಯವರನ್ನೆಲ್ಲ ಟೆರೇಸಿಗೆ ಕರೆದು ಒಂದು ಸಲ ಆಡಿದರು. ಎಡವಟ್ಟಾದದ್ದು ಅಲ್ಲೇ. ಅಜ್ಜಿಯ ಮಾತು ಚೆನ್ನಾಗಿಯೇ ಬಂತು. ಆದರೆ ಅರ್ಪಿತ ಬಾಯಿ ತೆರೆಯುವಷ್ಟರಲ್ಲಿ ಅವಳ ಮಾತನ್ನೂ ಅಜ್ಜಿಯೇ ಹೇಳಿಬಿಟ್ಟರು. ಆಮೇಲೆ ಟ್ಯಾಂಕರ್ ಹುಡುಗನದು. ಆಮೇಲೆ ವಾಚ್‌ಮನ್‌ನದು. ಪರದೆಯ ಹಿಂದೆ ಕಲಿತ ಬಾಯಿ. ಎದುರಿನವರು ಉಸಿರೆಳೆದುಕೊಂಡರೆ ಸಾಕು, ತಾನಾಗಿ ತೆರೆಯುತ್ತಿತ್ತು. ಅವರಿಗೆ ಅದರ ಅರಿವೂ ಇಲ್ಲ.

ಕೊನೆಗೆ ಬೋರಣ್ಣ ಮುಂದಿನ ಸಾಲಿನಿಂದಲೇ ಕೂಗಿದ: "ಲೇ ಲಕ್ಷ್ಮೀ, ಅವರಿಗೂ ಒಂಚೂರು ಉಳಿಸೇ!"

ಟೆರೇಸಿಗೆ ಟೆರೇಸೇ ನಕ್ಕಿತು. ಲಕ್ಷ್ಮಿದೇವಮ್ಮನವರಿಗೆ ಕಣ್ಣು ಕತ್ತಲಿಟ್ಟಿತು. ದಡದಡನೆ ಇಳಿದು ಅಡುಗೆಮನೆ ಸೇರಿದರು. ಹಿಂದೆಯೇ ರವಿಕಿರಣ್ ಬಂದ.

"ಬೇರೆ ಯಾರನ್ನಾದ್ರೂ ನೋಡ್ಕೊಳ್ಳಪ್ಪ. ನಾನು ಪರದೆ ಹಿಂದಕ್ಕೇ ಸರಿ."

"ಆಂಟಿ, ಒಂದು ನಿಮಿಷ ಕೇಳಿ. ಇಷ್ಟು ದಿನ ಮಾತು ಮುಗಿದು ಹಾಡು ಶುರುವಾಗೋ ಜಾಗದಲ್ಲಿ ಗುಂಡಿಗೆ ಗಾಡಿ ಬಿದ್ದಂಗೆ ಆಗ್ತಿತ್ತು. ಇವತ್ತು ಹಾಡಿನ ಮೊದಲ ಎರಡು ಪದಾನ ನೀವು ಸುಮ್ನೆ ಮಾತಲ್ಲಿ ಅಂದ್ರಿ, ಅರ್ಪಿತ ಅಲ್ಲಿಂದ್ಲೇ ಎತ್ಕೊಂಡ್ಳು. ನಾನೇ ಬರೆದ ಹಾಡು, ಅವಳ ಹೊಟ್ಟೆಯೊಳಗಿಂದ ಬಂದಂಗಿತ್ತು!" ಅವನು ಲೋಟಕ್ಕೆ ನೀರು ಬಗ್ಗಿಸಿ ಅವರ ಮುಂದಿಟ್ಟ. "ಈ ಅಜ್ಜಿಗೆ ಎಲ್ಲರ ಮನಸ್ಸೂ ಗೊತ್ತು. ಹೇಳಕ್ಕಾಗ್ದೆ ನಿಂತೋರಿಗೆ ಅಜ್ಜಿ ಶುರುಮಾಡಿ ಕೊಡ್ತಾಳೆ. ಹನ್ನೊಂದು ಹಾಡಿಗೂ. ಮಾತು ಮಾತ್ರ ಅವರವರಿಗೇ ಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಅಷ್ಟರಲ್ಲಿ ಬಾಗಿಲಲ್ಲಿ ಕಾತ್ಯಾಯಿನಿ ಟೀಚರ್. "ಏನ್ರೀ ಇದು ಲಕ್ಷ್ಮಿದೇವಮ್ಮನೋರೆ, ಅರ್ಧಕ್ಕೆ ಎದ್ದು ಬಂದ್ಬಿಟ್ರಿ? ಆ ಟ್ಯಾಂಕರ್ ಹುಡುಗ ವಾಪಸ್ ಬರ್ತಾನೋ ಇಲ್ವೋ?"

ಲಕ್ಷ್ಮಿದೇವಮ್ಮ ಕಣ್ಣೊರೆಸಿಕೊಂಡರು. "ಬನ್ನಿ ಮೇಲೆ, ತೋರಿಸ್ತೀನಿ."

ಅಂದು ಒಂದು ಹಾಡಿಗೆ ಎರಡು ಸಲ ‘ಒನ್ಸ್ ಮೋರ್’ ಬಿತ್ತು. ಕೂಗಿದವರು ಟೀಚರ್.

ಆದರೂ ಟೆರೇಸಿಗೆ ಪರದೆ ಇರಲಿಲ್ಲ. ಜೆ.ಪಿ. ನಗರದಲ್ಲಿ ಇತ್ತು, ಅದರ ಹಿಂದೆ ಅಡಗಲು ಜಾಗವೂ ಇತ್ತು.

ಶನಿವಾರ ಮಧ್ಯಾಹ್ನ ಮೂರಕ್ಕೆ ಆಟೋ ಬಂತು. ಗೇಟು ದಾಟಿದ ಲಕ್ಷ್ಮಿದೇವಮ್ಮ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಒಳಗೆ ಓಡಿದರು. ಆರಿತ್ತು. ಎರಡನೇ ಸಲ ಬಂದು ಆಟೋ ಹತ್ತಿ ಕೂತವರು, ನಾಟಕ ಬರೆದ ಪುಸ್ತಕ ಬಿಟ್ಟುಬಂದೆ ಎಂದು ಮತ್ತೆ ಇಳಿದು ತಂದರು. ಹಿಂದೆ ಪರದೆಯ ಮರೆಯಲ್ಲಿ ಕೂತಾಗಿನಂತೆ ಅದನ್ನು ಎದೆಗೊತ್ತಿಕೊಂಡಾಗ ಜೀವಕ್ಕೆ ಸಮಾಧಾನವಾಯಿತು. ಆಟೋ ತಿರುವಿನವರೆಗೂ ಹೋಯಿತು.

"ಒಂಚೂರು ವಾಪಸ್ ತಿರುಗ್ಸಪ್ಪ."

"ಈಗೇನು ಮರೆತೆ, ಮಾರಾಯ್ತಿ?" ಬೋರಣ್ಣ ಹಣೆ ಚಚ್ಚಿಕೊಂಡ.

"ಮರೆತಿಲ್ಲ."

ಬೀಗ ತೆಗೆದು ಒಳಗೆ ಹೋದರು. ಪುಸ್ತಕವನ್ನು ಅಪ್ಪನ ಹಳೆಯ ಹಾರ್ಮೋನಿಯಂ ಪೆಟ್ಟಿಗೆಯ ಮೇಲಿಟ್ಟು, ಒಂದು ಸಲ ಸವರಿದರು. ಆಮೇಲೆ ಬಾಗಿಲು ಎಳೆದುಕೊಂಡು, ಬರಿಗೈ ಬೀಸುತ್ತ, ಮೆಟ್ಟಿಲು ಇಳಿದು ಹೋದರು.