ಪೂಜೆಗಿಟ್ಟ ನಕ್ಷೆ ಪುಸ್ತಕ

ಕಳೆದ ವಾರ ದೇವರ ಗೂಡು ಒರೆಸುವಾಗ ಕೆಳಗಿನ ಅರೆಯಿಂದ ಆ ಪುಸ್ತಕ ಹೊರಬಂತು. ಲಂಡನ್ನಿನ ರಸ್ತೆಗಳ ದಪ್ಪ ನಕ್ಷೆ ಪುಸ್ತಕ. ಬೆನ್ನಿಗೆ ಟೇಪು, ರಟ್ಟಿನ ತುಂಬ ಕುಂಕುಮದ ಕಲೆ. ತೆರೆದರೆ ಕರ್ಪೂರದ ವಾಸನೆ, ಅದರಡಿಯಲ್ಲಿ ಹಳೇ ಕೋಟಿನ ಜೇಬಿನ ವಾಸನೆ. ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು...

ಅದು ಕೆಳಗಿನ ಫ್ಲ್ಯಾಟಿನ ಕಾಕಾ ಅವರದು. ಧಾರವಾಡದ ಕಡೆಯವರು. ನಾವು ಲಂಡನ್ನಿನ ದಕ್ಷಿಣದಂಚಿನ ಕ್ರೋಯ್ಡನ್ನಿಗೆ ಬರುವ ಹೊತ್ತಿಗೆ ಅವರು ಬಸ್ ಓಡಿಸುವ ಕೆಲಸದಿಂದ ನಿವೃತ್ತರಾಗಿದ್ದರು, ಹೆಂಡತಿಯೂ ತೀರಿಕೊಂಡಿದ್ದರು. ಬೆಳಿಗ್ಗೆ ಹತ್ತಕ್ಕೆ ಪುಸ್ತಕ ಬಗಲಲ್ಲಿಟ್ಟುಕೊಂಡು ಮೇಲೆ ಬರುವರು. ನಾನು ಚಹಾಕ್ಕೆ ಶುಂಠಿ ಜಜ್ಜುವಷ್ಟರಲ್ಲಿ ಮೇಜಿನ ಮೇಲೆ ಲಂಡನ್ ಬಿಚ್ಚಿಕೊಳ್ಳುತ್ತಿತ್ತು. ರೋಮನ್ನರ ಗೋಡೆ ಎಲ್ಲಿಂದ ಎಲ್ಲಿಗೆ, ಬೆಂಕಿಗೆ ಸುಟ್ಟ ಮರದ ಮನೆಗಳ ಜಾಗಕ್ಕೆ ಇಟ್ಟಿಗೆ ಹೇಗೆ ಬಂತು, ರೈಲು ಬಂದ ಮೇಲೆ ಹೊಲಗಳು ಹೇಗೆ ಬೀದಿಗಳಾದವು... ಎಲ್ಲವನ್ನೂ ಬಸ್ ಸ್ಟಾಪುಗಳ ಗುರುತಿನಲ್ಲೇ ಹೇಳುವರು.

“ಲಂಡನ್ ಯಾರೂ ಕುಂತು ಕಟ್ಟಿದ್ದಲ್ಲ ತಂಗ್ಯವ್ವ. ಊರೂರು ಬೆಳಕೋತ ಬಂದು ಒಂದಕ್ಕೊಂದು ಹತ್ತಿಕೊಂಡಾವ. ನಮ್ಮ ಹುಬ್ಬಳ್ಳಿ-ಧಾರವಾಡ ನೋಡಿಲ್ಲೇನು? ಈ ಕ್ರೋಯ್ಡನ್ನೂ ಮದ್ಲ ಒಂದು ಸಂತಿ ಊರು.”

“ಅಜ್ಜಾ, ಇಟ್ಸ್ ಆಲ್ ಆನ್ ಮೈ ಫೋನ್,” ಎನ್ನುವಳು ನನ್ನ ಮಗಳು.

“ನಿನ್ನ ಫೋನು ಚಾರ್ಜ್ ಮುಗಿದ್ರ ದಾರಿ ಮರೀತೈತಿ. ಇದು ಉಪವಾಸ ಇದ್ರೂ ಹೇಳತೈತಿ.”

ಆಮೇಲೆ ಮರೆವು ಶುರುವಾಯಿತು. ಒಮ್ಮೆ ಟ್ರಾಮ್ ಹತ್ತಿ ಕೊನೆಯ ಸ್ಟಾಪಿನವರೆಗೂ ಹೋಗಿಬಿಟ್ಟಿದ್ದರು, ಪೊಲೀಸರು ಕರೆತಂದರು. ಇಂಗ್ಲೆಂಡಿನ ಉತ್ತರದ ಊರೊಂದರಲ್ಲಿದ್ದ ಅವರ ಮಗಳು ಓಡಿಬಂದು, ನನ್ನ ಅಡುಗೆಮನೆಯಲ್ಲೇ ಹೇಳಿದಳು: ಇನ್ನೊಂದು ಸಲ ಹೀಗಾದರೆ ತನ್ನೂರಿನ ವೃದ್ಧರ ಕೇರ್ ಹೋಮಿಗೆ ಸೇರಿಸುತ್ತೇನೆ ಎಂದು. ಕಾಕಾ ಕಪ್ಪಿನೊಳಗೇ ನೋಡುತ್ತಿದ್ದರು. “ಇನ್ನ ತಪ್ಪಂಗಿಲ್ಲ. ಈ ಊರು ಮಾತ್ರ ಬಿಡಸಬ್ಯಾಡ,” ಎಂದರು. ಅಂದಿನಿಂದ ಪುಸ್ತಕವಿಲ್ಲದೆ ಹೊಸ್ತಿಲು ದಾಟಲಿಲ್ಲ. ನಾನದನ್ನು ಬರೀ ಅಭ್ಯಾಸ ಎಂದುಕೊಂಡೆ.

ಮಹಾನವಮಿ ಬಂತು. ಪ್ರತಿ ವರ್ಷದಂತೆ ಕಾರಿನ ಕೀಲಿ, ಚಾಕು, ಮಗಳ ಲ್ಯಾಪ್‌ಟಾಪ್ ಜೊತೆ ಕಾಕಾನ ಪುಸ್ತಕವೂ ನಮ್ಮ ಆಯುಧಪೂಜೆಗೆ ಕೂತಿತು. ಪೂಜೆಗಿಟ್ಟದ್ದನ್ನು ವಿಜಯದಶಮಿಯ ಬೆಳಿಗ್ಗೆಯವರೆಗೂ ಕದಲಿಸಬಾರದು ಎಂಬುದು ನಮ್ಮತ್ತೆಯ ಕಾಲದ ಕಟ್ಟಳೆ. ಹೋಮ್‌ವರ್ಕ್ ಇದೆ ಎಂದು ಮಗಳು ಗೋಗರೆದದ್ದಕ್ಕೆ ಲ್ಯಾಪ್‌ಟಾಪನ್ನು ಮಧ್ಯಾಹ್ನವೇ ಎತ್ತಿಕೊಟ್ಟಿದ್ದೆ.

ಮೂರು ಗಂಟೆಗೆ ಕಾಕಾ ಕೋಟು ಹಾಕಿಕೊಂಡು ಬಂದರು. “ತಂಗ್ಯವ್ವ, ಪುಸ್ತಕ ಒಂದೀಟು ಕೊಡು. ಹಾಲು ತರಾಕ ಹೊಂಟೀನಿ.”

ನಾನು ನಕ್ಕೆ. “ಹಾಲಿಗೂ ನಕ್ಷೆ ಬೇಕಾ ಕಾಕಾ? ಪೂಜೆಗಿಟ್ಟಿದ್ದು, ಇವತ್ತು ತೆಗೀಬಾರ್ದು. ನಾಳೆ ಬೆಳಿಗ್ಗೆ ಕೊಡ್ತೀನಿ.”

ಒಂದು ಗಳಿಗೆ ನಿಂತರು. ದೇವರಿಗೆ ಕೈಮುಗಿದು, ಕಂಬಿ ಹಿಡಿದು ಮೆಟ್ಟಿಲಿಳಿದರು. ನನ್ನ ಫ್ರಿಜ್ಜಿನಲ್ಲಿ ಎರಡು ಬಾಟಲಿ ಹಾಲಿತ್ತು. ಅದನ್ನೇ ಕೊಡಬಹುದಿತ್ತು ಎಂಬುದೂ ನನಗೆ ಹೊಳೆಯಲಿಲ್ಲ.

ರಾತ್ರಿ ಮನೆಗೆ ಬಾರದಿದ್ದವರು ಮರುದಿನ ಬೆಳಿಗ್ಗೆ ಸ್ಟೇಷನ್ ಹಿಂದಿನ ಹೊಸ ಬಹುಮಹಡಿ ಗೋಪುರಗಳ ನಡುವೆ, ಒಂದು ಬೆಂಚಿನ ಮೇಲೆ ಸಿಕ್ಕರು. ಮನೆಯಿಂದ ಹತ್ತು ನಿಮಿಷದ ದಾರಿ. ಕೈಯಲ್ಲಿ ಹಾಲಿನ ಬಾಟಲಿ ಹಾಗೇ ಇತ್ತು. ಆಸ್ಪತ್ರೆಯಿಂದ ಅವರ ಮಗಳು ನೇರವಾಗಿ ತನ್ನೂರಿಗೆ ಕರೆದೊಯ್ದಳು.

ಆಮೇಲೆ ಪುಸ್ತಕ ತೆರೆದು ನೋಡಿದೆ. ಕ್ರೋಯ್ಡನ್ನಿನ ಪುಟವೆಲ್ಲ ಪೆನ್ಸಿಲ್ ಗೀರು. ಕೆಡವಿದ ಆಫೀಸುಗಳಿಗೆ ಅಡ್ಡಗೆರೆ, ಹೊಸದಾಗಿ ಎದ್ದವಕ್ಕೆ ಚೌಕ. ಹಾಲಿನ ಅಂಗಡಿಯಿಂದ ಟ್ರಾಮ್ ಸ್ಟಾಪು, ಅಲ್ಲಿಂದ ಚರ್ಚು, ಬಾಣದ ಮೇಲೆ ಬಾಣ. ಕೊನೆಯ ಬಾಣದ ತುದಿಯಲ್ಲಿ ನಡುಗುವ ಅಕ್ಷರ: ಮನಿ. ಅದರ ಪಕ್ಕ, ಇನ್ನೂ ಸಣ್ಣದಾಗಿ: ಮ್ಯಾಲ ತಂಗ್ಯವ್ವ.

ಒಮ್ಮೆ ಅವರ ಮಗಳು ಫೋನನ್ನು ಅವರ ಕಿವಿಗೆ ಹಿಡಿದಳು. “ಪೂಜಿ ಮುಗೀತೇನ್ ತಂಗ್ಯವ್ವ?” ಎಂದರು. “ಪುಸ್ತಕ ಅಲ್ಲೇ ಇರಲಿ. ಬಂದು ಒಯ್ತೀನಿ.” ನಾನು ಹೂಂ ಕಾಕಾ ಎಂದೆ. ಯುಗಾದಿಗೆ ಮೊದಲೇ ಕಾಕಾ ತೀರಿಹೋದರು...

ಈಗ ಕೆಳಗಿನ ಫ್ಲ್ಯಾಟಿನಲ್ಲಿ ಬೇರೆಯವರಿದ್ದಾರೆ. ಬಸ್ ಸ್ಟಾಪಿನ ಎದುರು ಮತ್ತೊಂದು ಗೋಪುರ ಏಳುತ್ತಿದೆ. ಮೊನ್ನೆ ಪೆನ್ಸಿಲಿನಲ್ಲಿ ಅದಕ್ಕೂ ಒಂದು ಚೌಕ ಹಾಕಿದೆ. ನವರಾತ್ರಿ ಹತ್ತಿರ ಬಂತು. ಕೀಲಿ, ಚಾಕು ಎಲ್ಲ ಪೂಜೆಗೆ ಕೂರುತ್ತವೆ. ಪುಸ್ತಕವನ್ನು ಮಾತ್ರ ಬಾಗಿಲ ಪಕ್ಕ, ಕೋಟು ತೂಗುಹಾಕುವ ಕೊಕ್ಕೆಯ ಕೆಳಗೆ ಇಟ್ಟಿದ್ದೇನೆ. ಕೇಳಿದ ಕೂಡಲೇ ಕೈಗೆ ಸಿಗುತ್ತದೆ. ಕೇಳುವವರಿಲ್ಲ.