ಅಡೋಬೊ ತಿಂದು ನೆಟ್ಟಗೆ ನಡೆದದ್ದು

ಭಾನುವಾರ ಬೆಳಿಗ್ಗೆ ತುಮಕೂರಿನ ಶೆಟ್ಟಿಹಳ್ಳಿಯ ಮನೆಯಿಂದ ಬೈಕಿನಲ್ಲಿ ಹೊರಟೆ. ಗುಬ್ಬಿಯಾಚೆ ಕಡಬದಲ್ಲಿರುವ ಅಕ್ಕನಿಗೆ ನಾದಿನಿಯ ಮದುವೆಯ ಲಗ್ನಪತ್ರಿಕೆ ಕೊಡುವುದು ನೆಪ. ಅಲ್ಲಿಂದ ಕುಣಿಗಲ್ ಕಡೆ ತಿರುಗಿ ಫಿಲಿಪೀನ್ಸ್ ಊಟ ಮಾಡಿ ಬರುವುದು ನಿಜವಾದ ಉದ್ದೇಶ. ಹೆದ್ದಾರಿ ಬದಿಯಲ್ಲಿ ಅಂಥದ್ದೊಂದು ಹೋಟೆಲಿದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. ನಾನು ನಂಬಿರಲಿಲ್ಲ.

ಗುಬ್ಬಿಗೆ ಇಪ್ಪತ್ತು ಕಿಲೋಮೀಟರ್. ಅಲ್ಲಿ ಪೆಟ್ರೋಲ್ ಹಾಕಿಸಿ ಕಾಫಿ ಕುಡಿದೆ. ಕಡಬದ ಕೆರೆಯಲ್ಲಿ ನೀರು ಚೆನ್ನಾಗಿತ್ತು, ಬಿಸಿಲೂ ಚೆನ್ನಾಗಿಯೇ ಇತ್ತು. ಅಕ್ಕ ಊಟಕ್ಕೆ ಹಿಡಿದು ಕೂರಿಸಲು ನೋಡಿದಳು. ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ತೋಟಗಳ ನಡುವಿನ ಹಳ್ಳಿ ರಸ್ತೆ ಹಿಡಿದು, ಸಿಕ್ಕಸಿಕ್ಕವರನ್ನು ದಾರಿ ಕೇಳಿ, ಯಡಿಯೂರಿನ ಹತ್ತಿರ ಹೆದ್ದಾರಿ ಸೇರಿ ಕುಣಿಗಲ್ ದಿಕ್ಕಿಗೆ ಹೊರಳಿದಾಗ ಊಟದ ಹೊತ್ತು ಮೀರಿತ್ತು.

ಹೋಟೆಲೆಂದರೆ ತಗಡಿನ ಚಾವಣಿ, ನಾಲ್ಕಾರು ಮೇಜು, ಹೊರಗೆ ಸಾಲು ಲಾರಿ. ಮಾಲೀಕ ನಯಾಜ್ ತುಮಕೂರಿನವರು. ಸೌದಿಯ ದಮ್ಮಾಮಿನ ಕ್ಯಾಂಟೀನೊಂದರಲ್ಲಿ ಜೊತೆಗೆ ಕೆಲಸಕ್ಕಿದ್ದ ಫಿಲಿಪೀನ್ಸ್ ಹುಡುಗಿಯನ್ನು ಮದುವೆಯಾಗಿ ಕರೆತಂದಿದ್ದಾರೆ. ಆಕೆಗೆ ಈಗ ಆಮಿನಾ ಎಂದು ಹೆಸರು. ಅಡುಗೆ ಆಕೆಯದೇ.

"ಅಡೋಬೊ ತಗೊಳಿ ಸಾರ್, ಬೆಳ್ಳುಳ್ಳಿ ಅನ್ನ ಕೊಡ್ತೀನಿ. ಖಾರ ಇರಲ್ಲ, ಆಮೇಲೆ ಬೈಬೇಡಿ" ಎಂದರು ಆಮಿನಾ. ಕನ್ನಡ ಕಲಿಸಿದವರು ಲಾರಿ ಡ್ರೈವರುಗಳಂತೆ. ಮನೆಯ ಉರ್ದು ಇನ್ನೂ ಬಂದಿಲ್ಲ.

ಕೋಳಿಯನ್ನು ಸೋಯಾ ಸಾಸ್, ಬೆಳ್ಳುಳ್ಳಿ, ಕಾಳುಮೆಣಸು, ವಿನೆಗರ್ ಹಾಕಿ ಬೇಯಿಸಿದರೆ ಅದೇ ಅಡೋಬೊ. ಮಸಾಲೆ ಅರೆಯುವ ರಗಳೆಯಿಲ್ಲ. ಮೊದಲ ತುತ್ತಿಗೆ ಇಷ್ಟೇನಾ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಪ್ಲೇಟ್ ಅನ್ನ ಹೇಳಿದೆ. ವಿನೆಗರ್ ಅಂಗಡಿಯದಲ್ಲ. ಗುಬ್ಬಿ ಕಡೆ ಕಾಯಿ ಒಡೆಯುವಾಗ ಚೆಲ್ಲಿಹೋಗುವ ನೀರನ್ನು ಕ್ಯಾನಿನಲ್ಲಿ ತಂದು, ಸಕ್ಕರೆ ಹಾಕಿ, ವಾರಗಟ್ಟಲೆ ಇಟ್ಟು ಹುಳಿ ಬರಿಸುತ್ತಾರೆ.

ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬುರ್ಖಾ ತೊಟ್ಟ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ಕೈ ತೊಳೆಯಲು ಹೋದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ತಲೆ ಸುತ್ತುತಾ?"

"ಇಲ್ಲಮ್ಮ."

"ಬೈಕ್ ಓಡಿಸ್ತೀರಾ? ಒಸಿ ಆ ಬೋರ್ಡ್ ತನ್ಕ ನಡೆದು ಬನ್ನಿ, ನೋಡಣ."

ತಲೆಬುಡ ತಿಳಿಯದೆ ನಯಾಜ್ ಮುಖ ನೋಡಿದೆ. ಅವರು ಪಕ್ಕಕ್ಕೆ ಕರೆದರು. "ನಮ್ಮಮ್ಮಿ ಸಾರ್. ತೆಂಗಿನ್ ನೀರು ಹುಳಿ ಬರ್ಸಿದ್ರೆ ಅದು ಹೆಂಡಾನೇ ಅಂತ ಹಠ. ಮಸೀದಿ ಹಜ್ರತ್ ಬಂದು ಹಲಾಲ್ ಅಂದ್ರೂ ಕೇಳಲ್ಲ. ಅದಕ್ಕೇ ಆಮಿನಾನ ಮನೆ ಒಲೆ ಹತ್ರ ಬಿಟ್ಟಿಲ್ಲ. ಬಕ್ರೀದ್‌ಗೆ ಮನೇಲಿ ತಾನೇ ಅಡುಗೆ ಮಾಡ್ಬೇಕು ಅಂತ ಇವ್ಳಿಗೆ ಆಸೆ. ತಿಂದೋರಿಗೆ ಅಮಲೇರ್ತದೋ ಇಲ್ವೋ ಕಣ್ಣಾರೆ ನೋಡ್ತೀನಿ ಅಂತ ಇವತ್ತು ಬಂದವ್ರೆ. ನಡೆದ್ಬುಡಿ ಸಾರ್."

ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿ ನಡೆಯುವ ಹಾಗೆ ನಡೆದೆ. ಲಾರಿಯವರು ನಕ್ಕರು. ನಯಾಜ್ ತಾಯಿ ಅಷ್ಟಕ್ಕೇ ಬಿಡಲಿಲ್ಲ. "ಹೆಂಡ ತಡವಾಗಿ ಏರ್ತದೆ. ಕೂತ್ಕೊಳಿ."

ಕೂತೆ. ಆಮಿನಾ ಆಗಾಗ ಬಾಗಿಲಿಗೆ ಬಂದು ನನ್ನ ಮುಖ ನೋಡಿ ಹೋಗುತ್ತಿದ್ದರು. ಗುರುತುಪರಿಚಯವಿಲ್ಲದವರ ಹಬ್ಬ ನನ್ನ ಕಾಲ ಮೇಲೆ ನಿಂತಿದೆಯಲ್ಲ ಎಂದು ಭಯವಾಯಿತು. ಈ ಬಿಸಿಲಿಗೆ ನಿಜವಾಗಿಯೂ ತಲೆ ಸುತ್ತಿದರೆ ಏನು ಗತಿ? ಎರಡು ಲೋಟ ನೀರು ಕುಡಿದೆ.

ಬಿಸಿಲು ತಗ್ಗಿದ ಮೇಲೆ ಇನ್ನೊಮ್ಮೆ ನಡೆಸಿದರು. ನೆಟ್ಟಗೆ ಹೋಗಿ ನೆಟ್ಟಗೆ ಬಂದೆ. ಅತ್ತೆ ಎದ್ದು ಒಳಗೆ ಹೋಗಿ ತಟ್ಟೆ ಹಾಕಿಸಿಕೊಂಡರು. ಬಿಸ್ಮಿಲ್ಲಾ ಎಂದು ಒಂದು ಚೂರು ಬಾಯಿಗಿಟ್ಟರು. ನಯಾಜ್ ಗಲ್ಲಾ ಬಿಟ್ಟು ಬಂದರು. ಆಮಿನಾ ಸೌಟು ಹಿಡಿದೇ ನಿಂತಿದ್ದರು. ಅತ್ತೆ ಇನ್ನೊಂದು ಚೂರು ತಿಂದರು, ಆಮೇಲೆ ಮೂಳೆಯನ್ನೂ ಚೀಪಿದರು.

"ಹುಳಿ ಸಾಲ್ದು" ಎಂದರು ಅತ್ತೆ, ಸೊಸೆಗೆ ತಿಳಿಯಲೆಂದು ಕನ್ನಡದಲ್ಲೇ. "ಬಕ್ರೀದ್‌ಗೆ ಮಟನ್‌ನಲ್ಲಿ ಮಾಡು. ಇನ್ನೊಸಿ ಜಾಸ್ತಿ ಹಾಕು."

ಆಮಿನಾ ಒಲೆಯ ಪಕ್ಕದಲ್ಲೇ ಕುಸಿದು ಕೂತು ಅತ್ತುಬಿಟ್ಟರು. ನನಗೆ ಬಹಳ ಸಂತೋಷವಾಯಿತು, ಯಾಕೆಂದು ಹೇಳಿಕೊಳ್ಳಲು ಅಲ್ಲಿ ನನ್ನವರು ಯಾರೂ ಇರಲಿಲ್ಲ. ಕುಣಿಗಲ್ ಮೇಲೆ ತುಮಕೂರಿಗೆ ಹೊರಡಲು ಬೈಕ್ ಹತ್ತಿ ಒಮ್ಮೆ ತಿರುಗಿ ನೋಡಿದೆ. ಅತ್ತೆ ತನ್ನ ತಟ್ಟೆಯನ್ನು ಮೇಜಿನ ನಡುವಿಗೆ ತಳ್ಳಿ, ಎದುರಿನ ಕುರ್ಚಿ ತೋರಿಸಿ ಸೊಸೆಯನ್ನು ಊಟಕ್ಕೆ ಕರೆಯುತ್ತಿದ್ದರು.