ಹೆಸರಿಲ್ಲದ ಡಬ್ಬಿ

ಸಂಜೆ ನಾಲ್ಕು ಹತ್ತು. ಗೆಳತಿ ನಸ್ರೀನಳ ಗಡಿಯಾರ ಐದು ನಿಮಿಷ ಮುಂದಿರುತ್ತಿತ್ತು, ಆದ್ದರಿಂದ ನಿಜವಾಗಿ ನಾಲ್ಕು ಐದೂ ಇರಬಹುದು. ಹನ್ನೆರಡು ವರ್ಷಗಳಿಂದ ಈ ಲೆಕ್ಕವನ್ನು ಸರಿಮಾಡುತ್ತಲೇ ಇದ್ದೇನೆ. ಇವತ್ತು ಕೂಕಟ್‌ಪಲ್ಲಿಯ ನನ್ನ ಅಡುಗೆಮನೆಯಲ್ಲಿ ಸ್ಟೀಲ್ ಡಬ್ಬಿಯ ಮುಚ್ಚಳ ಕೈಜಾರಿ ನೆಲದ ಮೇಲೆ ಗಿರಕಿ ಹೊಡೆಯಿತು. ಆ ನೆನಪು ಮತ್ತೆ ಶುರುವಾಯಿತು.

ನಾವು ಬೀದರ ಕಡೆಯವರು. ಅಪ್ಪನಿಗೆ ಸನತ್‌ನಗರದ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಈ ಊರಿಗೆ ಬಂದಿದ್ದೆವು. ಒಂಬತ್ತನೇ ತರಗತಿಗೆ ಸೇರಿದ ದಿನ, ಯಾರಾದರೂ ಮಾತಾಡಿಸಲಿ ಎಂದು ನಾನು ಬಹಳ ಗಂಭೀರವಾಗಿ ಪುಸ್ತಕ ಓದುತ್ತ ಕೂತೆ. ಹಾಗೆ ಕೂತವರನ್ನು ಯಾರೂ ಮಾತಾಡಿಸುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಪಕ್ಕದಲ್ಲಿದ್ದ ನಸ್ರೀನ್ ಕೇಳದೆಯೇ ನನ್ನ ಡಬ್ಬಿಯಿಂದ ಕಡಕ್ ರೊಟ್ಟಿ ಮುರಿದಳು. "ಕ್ಯಾ ಗೇ, ಇತ್ತಾ ಬಡಾ ಪಾಪಡ್ ಲಾಯೀ?" ರೊಟ್ಟಿ ಅವಳಿಗೆ ದೊಡ್ಡ ಹಪ್ಪಳದಂತೆ ಕಂಡಿತ್ತು. ಮುಂದಿನ ಬೆಂಚಿನ ಶ್ರೀಲತಾ ಹಿಂದೆ ತಿರುಗಿ, "ನಾಕೂ ಇವ್ವವೇ," ಎಂದು ಕೈಚಾಚಿದಳು. ನಮ್ಮ ಗೆಳೆತನಕ್ಕೆ ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಅಂದಿನಿಂದ ಮೂರು ಮನೆಗಳ ನಡುವೆ ಡಬ್ಬಿಗಳು ಓಡಾಡಿದವು. "ಮಂದಿ ಡಬ್ಬಿ ಖಾಲಿ ಕಳಸಬಾರ್ದವಾ," ಅನ್ನುತ್ತಿದ್ದಳು ಅಮ್ಮ. ಉಳಿದೆರಡು ಮನೆಗಳಲ್ಲೂ ಇದೇ ಕಾನೂನು. ಹಾಗಾಗಿ ಈ ವ್ಯವಹಾರ ಮುಗಿಯುವ ದಾರಿಯೇ ಇರಲಿಲ್ಲ. ನಮ್ಮ ಡಬ್ಬಿಗಳ ಮೇಲೆ ಮಾತ್ರ ಅಮ್ಮನ ಹೆಸರನ್ನು ಕನ್ನಡದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಲಾಗಿತ್ತು.

ಶಾಲೆಗೂ ಮನೆಗೂ ನಡುವೆ ರೈಲು ಹಳಿ. ಮೇಲ್ಸೇತುವೆ ಬಳಸಿದರೆ ಇಪ್ಪತ್ತು ನಿಮಿಷ ಜಾಸ್ತಿ. ನಿಂತ ಗೂಡ್ಸ್ ರೈಲಿನ ಕೆಳಗೆ ಮೊದಲು ಚೀಲ ತಳ್ಳಿ, ಆಮೇಲೆ ನಾವು ನುಸುಳುತ್ತಿದ್ದೆವು. ಅವತ್ತು ನಾಲ್ಕು ಹತ್ತಕ್ಕೂ ಹಾಗೆಯೇ ಮೂವರೂ ದಾಟಿದ್ದೆವು. ನಸ್ರೀನಳ ಚೀಲದಿಂದ ನಮ್ಮ ಮನೆಯ ಡಬ್ಬಿ ಜಾರಿ ಹಳಿಗಳ ನಡುವೆ ಉಳಿದಿತ್ತು.

"ಅಮ್ಮಾ ಮಾರ್ತೀ ಮೇರೇಕು," ಅಮ್ಮ ಹೊಡೆಯುತ್ತಾಳೆ ಎಂದೆ ನಾನು. ಅರ್ಧ ತಮಾಷೆ.

"ಠೈರ್ ಗೇ, ಲಾತೂಂ," ತಾನೇ ತರುತ್ತೇನೆ ಎಂದು ನಸ್ರೀನ್ ಮತ್ತೆ ಕೆಳಗೆ ತೂರಿದಳು.

ರೈಲಿನ ದೂರದ ಬೋಗಿಯಲ್ಲಿ ಧಡ್ ಎಂದಿತು. ಆ ಸದ್ದು ಒಂದೊಂದೇ ಕೊಂಡಿ ಜಗ್ಗುತ್ತ ನಮ್ಮ ಕಡೆ ಬಂತು. ಶ್ರೀಲತಾ ನಸ್ರೀನಳ ಎರಡೂ ಕಾಲು ಹಿಡಿದು ಹೊರಗೆಳೆದಳು. ಚಕ್ರ ಉರುಳಿತು, ಡಬ್ಬಿ ರೈಲಿನಡಿಯೇ ಹೋಯಿತು. ನಾನು ನಿಂತಿದ್ದೆ. ಓದುಗರೇ, ನಾನು ಮಾಡಿದ್ದು ಅಷ್ಟೇ.

ಯಾರಿಗೂ ಹೇಳಬಾರದೆಂದು ಮೂವರೂ ಆಣೆ ಮಾಡಿದೆವು.

"ಡಬ್ಬಿ ಎಲ್ಲೈತಿ?" ಅಮ್ಮ ಕೇಳಿದಳು.

"ನಸ್ರೀನ್ ಮನ್ಯಾಗ."

ನಾಲ್ಕನೇ ದಿನಕ್ಕೆ ಅಮ್ಮನ ಧ್ವನಿ ಬದಲಾಯಿತು. "ಎಂಥಾ ಮಂದೀನೋ. ಇನ್ನ ಆ ಹುಡುಗಿಗಿ ಏನೂ ಒಯ್ಯಬ್ಯಾಡ." ರಾತ್ರಿಯೆಲ್ಲ ನಿದ್ದೆಯಿಲ್ಲ. ಕಣ್ಣು ಮುಚ್ಚಿದರೆ ಕೊಂಡಿಗಳ ಸದ್ದು, ತೆರೆದರೆ ಅಮ್ಮನ ಮಾತು. ನನ್ನನ್ನು ಉಳಿಸಲು ಹೋದವಳನ್ನು ನಾನು ಕಳ್ಳಿ ಮಾಡಿದ್ದೆ.

ಶುಕ್ರವಾರ ನಸ್ರೀನ್ ಹೊಸ ಡಬ್ಬಿ ತಂದಳು, ಅದರ ತುಂಬ ಖುಬಾನಿ ಹಣ್ಣಿನ ಸಿಹಿ. "ಯಿಚ್ ದೇ ದೇ. ಪತಾ ನೈ ಚಲ್ತಾ." ಇದನ್ನೇ ಕೊಟ್ಟರೆ ಅಮ್ಮನಿಗೆ ಗೊತ್ತಾಗುವುದಿಲ್ಲ ಎಂಬುದು ಅವಳ ಲೆಕ್ಕ.

ಅಮ್ಮ ಅದನ್ನು ಒಮ್ಮೆ ತಿರುಗಿಸಿದಳು, ಅಷ್ಟೇ. "ಇದು ನಮ್ದಲ್ಲ. ಹೆಸರೆಲ್ಲೈತಿ?"

ಎಲ್ಲ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ಖುಬಾನಿಯನ್ನು ಬಟ್ಟಲಿಗೆ ಸುರಿದು, ಡಬ್ಬಿ ತೊಳೆದು, ಶೇಂಗಾ ಹೋಳಿಗೆ ತುಂಬಿ, ನನ್ನ ಕೈ ಹಿಡಿದು ಮೇಲ್ಸೇತುವೆಯ ಮೇಲಿಂದ ಆ ಮನೆಗೆ ನಡೆಸಿದಳು. ಹೋದವಳೇ ನಸ್ರೀನಳ ಕಿವಿ ಹಿಡಿದಳು.

"ಡಬ್ಬಾ ದುಕಾನ್ ಮೇ ಮಿಲ್ತಾ ರೀ. ತೂ ಮಿಲ್ತೀ ಕ್ಯಾ?" ಡಬ್ಬಿ ಅಂಗಡಿಯಲ್ಲಿ ಸಿಗುತ್ತದೆ, ನೀನು ಸಿಗುತ್ತೀಯಾ ಎಂದು.

ಏನಾಯಿತೆಂದು ಕೇಳಿ ತಿಳಿದುಕೊಂಡ ನಸ್ರೀನಳ ತಾಯಿ ಇನ್ನೊಂದು ಕಿವಿ ಹಿಡಿದರು.

ಇವತ್ತು ಬಿದ್ದ ಮುಚ್ಚಳ ಅದೇ ಡಬ್ಬಿಯದು. ಎಷ್ಟೋ ಸಲ ತುಂಬಿ ಹೋಗಿ ತುಂಬಿ ಬಂದಿದೆ, ಹೆಸರು ಮಾತ್ರ ಯಾರೂ ಕೊರೆಸಲಿಲ್ಲ. ಸದ್ದು ನಿಂತ ಮೇಲೆ ಮುಚ್ಚಳ ಎತ್ತಿ ಒರೆಸಿದೆ. ಮನಸ್ಸು ಎಂದಿನಂತೆ ನಾಲ್ಕು ಹತ್ತರ ಹಳಿಯ ಬಳಿ ನಿಲ್ಲಲಿಲ್ಲ, ಮುಂದೆ ನಡೆದು ಆ ಶನಿವಾರದ ಬೆಳಗಿಗೆ ಹೋಯಿತು. ಐದು ದಿನಗಳಲ್ಲಿ ಮೊದಲ ಸಲ ಅಮ್ಮ ನನ್ನ ಭುಜ ಅಲ್ಲಾಡಿಸಿ ಎಬ್ಬಿಸಬೇಕಾಗಿತ್ತು.

"ಏಳವಾ, ಎಷ್ಟ್ ಮಲಗ್ತಿ. ಸಾಲಿಗಿ ಹೊತ್ತಾತು."